ಬೆಳಿಗ್ಗೆ ಮೈಸೂರು, ಮಧ್ಯಾಹ್ನದೊಳಗೆ ತಲಕಾವೇರಿ: ಒಂದೇ ದಿನದಲ್ಲಿ ಬೆಟ್ಟ ಹತ್ತಿ ಇಳಿಯುವುದು ಹೇಗೆ?

ಮೈಸೂರಿನಲ್ಲಿರುವ ನನ್ನ ಭಾವ ಕೊಡಗಿಗೆ ಹೊರಡುವಾಗಲೆಲ್ಲ ಫೋನಿನಲ್ಲಿ ಒಂದೇ ಮಾತು ಹೇಳುತ್ತಾರೆ: ‘ಮಡಿಕೇರಿ ನೂರಿಪ್ಪತ್ತು ಕಿಲೋಮೀಟರ್ ತಾನೇ? ಎರಡು ಗಂಟೆ ಸಾಕು.’ ಸುಂಟಿಕೊಪ್ಪದಲ್ಲಿ ಅಡುಗೆ ಮಾಡಿಟ್ಟು ಕಾಯುವ ನಮಗೆ ಆ ಎರಡು ಗಂಟೆ ಎಷ್ಟು ಉದ್ದವೆಂದು ಚೆನ್ನಾಗಿ ಗೊತ್ತು. ಕುಶಾಲನಗರದವರೆಗೆ ಅವರ ಲೆಕ್ಕ ಸರಿಯಾಗಿಯೇ ಇರುತ್ತದೆ. ಅಲ್ಲಿಂದ ಮುಂದೆ ತಿರುವು, ಮಂಜು, ಏರಿನಲ್ಲಿ ಏದುಸಿರು ಬಿಡುವ ಮರದ ಲಾರಿ ಎಲ್ಲವೂ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ.

ಬಯಲುಸೀಮೆಯ ರಸ್ತೆಗೆ ಕೈ ಪಳಗಿದವರು ಒಂದೇ ದಿನದಲ್ಲಿ ಕೊಡಗು ಸುತ್ತಿ ಮನೆ ಸೇರಬಹುದು. ಆದರೆ ಯೋಜನೆಯನ್ನು ಹಿಂದಿನಿಂದ ಹಾಕಬೇಕು.

ಕೊನೆಯ ಸಾಲಿನಿಂದ ಬರೆಯಿರಿ

ಹಿಂದಿನ ದಿನ ಸಂಜೆ ಒಂದು ಹಾಳೆ ತೆಗೆದುಕೊಂಡು, ಮೊದಲು ಅದರ ತಳದಲ್ಲಿ ‘ಕತ್ತಲಾಗುವ ಮೊದಲು ಕುಶಾಲನಗರ’ ಎಂದು ಬರೆಯಿರಿ. ಚಳಿಗಾಲದಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಹಾಗಾದರೆ ನಾಲ್ಕೂಕಾಲಿಗೆ ಮಡಿಕೇರಿ ಬಿಡಬೇಕು. ಊಟಕ್ಕೂ ಕೋಟೆಗೂ ಎರಡು ಗಂಟೆ ಹಿಡಿದರೆ ಎರಡೂಕಾಲಿಗೆ ಮಡಿಕೇರಿಯಲ್ಲಿರಬೇಕು. ತಲಕಾವೇರಿಯಿಂದ ಮಡಿಕೇರಿಗೆ ಸುಮಾರು 48 ಕಿಲೋಮೀಟರ್, ಒಂದೂವರೆ ಗಂಟೆ. ಅಂದರೆ ಹನ್ನೆರಡೂ ಮುಕ್ಕಾಲಿಗೆ ಅಲ್ಲಿಂದ ಹೊರಡಬೇಕು. ದಾರಿಯ ತಿಂಡಿ, ಮಂಜು, ಲಾರಿಗಳಿಗೂ ಸಮಯ ಬಿಟ್ಟು ಹೀಗೆ ಮೇಲಕ್ಕೆ ಬರೆಯುತ್ತ ಹೋದರೆ ಹಾಳೆಯ ತಲೆಯಲ್ಲಿ ‘ಬೆಳಿಗ್ಗೆ ಐದೂವರೆ, ಮೈಸೂರು’ ಎಂದು ತಾನಾಗಿಯೇ ಬರುತ್ತದೆ. ಏಳಕ್ಕೆ ಹೊರಡುವವರು ತಲಕಾವೇರಿಯನ್ನು ಹಾಳೆಯಿಂದ ಹೊಡೆದುಹಾಕಿ, ಮಡಿಕೇರಿಯನ್ನಷ್ಟೇ ನೋಡಿ ಮರಳಿ.

ಈ ಲೆಕ್ಕದಲ್ಲಿ ಮಡಿಕೇರಿಯ ರಾಜಾಸೀಟಿನ ಸೂರ್ಯಾಸ್ತ ಸಿಗುವುದಿಲ್ಲ. ಬೇಸರವಾಗಬಹುದು, ಆದರೆ ಆ ಸೂರ್ಯಾಸ್ತ ರಾತ್ರಿ ಉಳಿಯುವವರಿಗೆ. ಅದನ್ನು ನೋಡಿ ಕಾರು ಹತ್ತಿದರೆ ಘಾಟಿ ಇಳಿಯುವುದು ಕತ್ತಲಲ್ಲಿ.

ಒಂದು ದಿಕ್ಕು ಸಾಕು

ದುಬಾರೆಯ ಆನೆ, ಅಬ್ಬಿ ಜಲಪಾತ, ಮಾಂದಲಪಟ್ಟಿ, ತಲಕಾವೇರಿ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿಕೊಂಡು ಬರುವವರನ್ನು ನೋಡಿದ್ದೇನೆ. ಅವರು ಕೊಡಗನ್ನು ನೋಡಿದ್ದಕ್ಕಿಂತ ಮುಂದಿನ ಕಾರಿನ ನಂಬರ್ ಪ್ಲೇಟನ್ನು ನೋಡಿದ್ದೇ ಹೆಚ್ಚು. ಪುಟ್ಟ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಬೈಲಕುಪ್ಪೆಯ ಸ್ವರ್ಣ ದೇಗುಲ, ಕಾವೇರಿ ನಿಸರ್ಗಧಾಮ, ದುಬಾರೆ ನೋಡಿಕೊಂಡು ಘಾಟಿ ಹತ್ತದೆಯೇ ಮರಳಬಹುದು. ಇರ್ಪು ಜಲಪಾತ ನೋಡಬೇಕೆಂದಿದ್ದರೆ ಮಡಿಕೇರಿಯ ಕಡೆ ತಲೆ ಹಾಕಬೇಡಿ. ಹುಣಸೂರಿನಿಂದಲೇ ತಿತಿಮತಿ, ಗೋಣಿಕೊಪ್ಪದ ದಾರಿ ಹಿಡಿಯಿರಿ. ಮಾಂದಲಪಟ್ಟಿಯ ಕೊನೆಯ ಏರು ಸ್ಥಳೀಯ ಜೀಪುಗಳದ್ದು. ನಿಮ್ಮ ಕಾರಿನ ತಳವನ್ನು ಅಲ್ಲಿನ ಕಲ್ಲಿಗೆ ಪರಿಚಯ ಮಾಡಿಸಬೇಕಾಗಿಲ್ಲ.

ಯಾವಾಗ ಬರಬೇಕು?

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಚಿತ್ರದಲ್ಲಿ ಚೆಂದ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜರಿದು ಬಂದದ್ದನ್ನೂ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಮನೆಯೇ ಹೋದದ್ದನ್ನೂ ಕಂಡವರು ನಾವು. ಮಳೆಗಾಲದಲ್ಲಿ ಬರಲೇಬೇಕೆಂದಿದ್ದರೆ ಹಿಂದಿನ ರಾತ್ರಿ ಹವಾಮಾನ ಇಲಾಖೆಯ ಮುನ್ಸೂಚನೆ, ಜಿಲ್ಲಾಡಳಿತದ ಪ್ರಕಟಣೆ ಎರಡನ್ನೂ ನೋಡಿ. ರೆಡ್ ಅಲರ್ಟ್ ಇದ್ದರೆ ಹೊರಡಬೇಡಿ. ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ಉಕ್ಕಿದಾಗ ಹೊಳೆ ಯಾವುದು, ರಸ್ತೆ ಯಾವುದು ಎಂದು ಊರಿನವರಿಗೇ ತಿಳಿಯುವುದಿಲ್ಲ.

ನವೆಂಬರ್‌ನಿಂದ ಫೆಬ್ರುವರಿ ಸುಖದ ಕಾಲ. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಜನಸಾಗರ. ತೀರ್ಥೋದ್ಭವಕ್ಕೆಂದೇ ಬರುವವರಲ್ಲದಿದ್ದರೆ ಆ ದಿನ ಬಿಟ್ಟುಬಿಡಿ. ನನ್ನನ್ನು ಕೇಳಿದರೆ ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ (ಕಾಫಿ ಗಿಡವನ್ನು ಹೂ ಬಿಡಿಸುವ ಬೇಸಿಗೆ ಮಳೆ) ಬಿದ್ದು ಒಂದು ವಾರವಾದ ಮೇಲೆ ಬನ್ನಿ ಎನ್ನುತ್ತೇನೆ. ಕಾಫಿ ಗಿಡದ ರೆಂಬೆಯುದ್ದಕ್ಕೂ ಬಿಳಿ ಹೂವು, ಕಾರಿನ ಗಾಜು ಇಳಿಸಿದರೆ ಮಲ್ಲಿಗೆಯನ್ನು ನೆನಪಿಸುವ ವಾಸನೆ. ಮೂರು ನಾಲ್ಕು ದಿನದಲ್ಲಿ ಎಲ್ಲ ಕಂದಿಹೋಗುತ್ತದೆ.

ಕಾರಿನ ತಯಾರಿ

ಟೈರಿನ ಗಾಳಿಯನ್ನು ಹೊರಡುವ ಮೊದಲು, ಟೈರ್ ತಣ್ಣಗಿರುವಾಗಲೇ ನೋಡಿ. ಸ್ಟೆಪ್ನಿಯನ್ನೂ ನೋಡಿ, ಬಹಳ ಜನ ಮರೆಯುವುದು ಅದನ್ನೇ. ಕೂಲೆಂಟ್, ಬ್ರೇಕ್ ಆಯಿಲ್, ವೈಪರ್ ಸರಿಯಾಗಿರಲಿ. ಇಂಧನವನ್ನು ಮಡಿಕೇರಿಗಿಂತ ಮುಂದೆ ನೋಡಿಕೊಳ್ಳೋಣ ಎಂದು ಮುಂದೂಡಬೇಡಿ. ತೋಟಗಳ ನಡುವೆ ಮೊಬೈಲ್ ಸಿಗ್ನಲ್ ಬಂದು ಹೋಗಿ ಮಾಡುತ್ತದೆ, ಆದ್ದರಿಂದ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ.

ಏರು ಸುಲಭ, ಇಳಿಜಾರೇ ಪರೀಕ್ಷೆ

ಹುಣಸೂರು, ಪಿರಿಯಾಪಟ್ಟಣದ ತಂಬಾಕು ಒಣಗಿಸುವ ಬ್ಯಾರನ್‌ಗಳನ್ನು ದಾಟಿ, ಕುಶಾಲನಗರದಲ್ಲಿ ತಿಂಡಿ ಮುಗಿಸಿದ ಮೇಲೆ ನಿಜವಾದ ಡ್ರೈವಿಂಗ್ ಶುರು. ಕಿರಿದಾದ ಏರಿನಲ್ಲಿ ಎದುರಾದಾಗ ಇಳಿಯುವ ವಾಹನವೇ ಹತ್ತುವವರಿಗೆ ದಾರಿ ಬಿಡಬೇಕು. ಇದು ಬರೀ ಮರ್ಯಾದೆಯ ಮಾತಲ್ಲ, 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲೂ ಇದೆ. ಕಾಣದ ತಿರುವಿನಲ್ಲಿ ಒಮ್ಮೆ ಹಾರ್ನ್ ಮಾಡಿ, ನಿಮ್ಮ ಬದಿಯಲ್ಲೇ ಇರಿ. ತಿರುವಿನಲ್ಲಿ ಓವರ್‌ಟೇಕ್ ಬೇಡವೇ ಬೇಡ.

ಇಳಿಯುವುದರ ಪಾಠವನ್ನು ನಮ್ಮ ಭಾವನೇ ಕಲಿಸಿದ್ದು. ತಲಕಾವೇರಿಯಿಂದ ಭಾಗಮಂಡಲಕ್ಕೆ ಎಂಟು ಕಿಲೋಮೀಟರ್ ಇಳಿಜಾರು. ಪೆಟ್ರೋಲ್ ಉಳಿಯುತ್ತದೆಂದು ಅವರು ನ್ಯೂಟ್ರಲ್‌ಗೆ ಹಾಕಿ, ಬ್ರೇಕ್ ಮೇಲೆಯೇ ಕಾಲಿಟ್ಟು ಇಳಿಸುತ್ತಿದ್ದರು. ಅರ್ಧ ದಾರಿಯಲ್ಲಿ ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಮರೆತಂತಹ ವಾಸನೆ. ‘ಏನು ಸುಡುತ್ತಿದೆ?’ ಎಂದು ಅಕ್ಕ ಕೇಳುವಷ್ಟರಲ್ಲಿ ಬ್ರೇಕ್ ಪೆಡಲ್ ಕೆಸರುಗದ್ದೆಯಲ್ಲಿ ಕಾಲಿಟ್ಟಂತೆ ಮೆತ್ತಗೆ ಒಳಗೆ ಹೋಗಿತ್ತು. ಹೇಗೋ ಎರಡನೇ ಗೇರಿಗೆ ತಂದು, ಸಮತಟ್ಟಾದ ಕಡೆ ನಿಲ್ಲಿಸಿದರು. ಮುಂದಿನ ಚಕ್ರದಿಂದ ಸಣ್ಣಗೆ ಹೊಗೆ. ಭಾವ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಾಗ, ಹಿಂದಿನಿಂದ ಬಂದ ಜೀಪಿನ ಚಾಲಕ ಇಳಿದು ಕೈ ಹಿಡಿದರು: ‘ನೀರು ಹಾಕಬೇಡಿ ಸಾರ್, ಡಿಸ್ಕ್ ಸೀಳುತ್ತದೆ. ಅರ್ಧ ಗಂಟೆ ಸುಮ್ಮನೆ ಬಿಡಿ.’

ಬ್ರೇಕ್ ಪ್ಯಾಡ್ ಅತಿಯಾಗಿ ಕಾದರೆ ಅದರ ಹಿಡಿತ ಹೋಗುತ್ತದೆ, ಬ್ರೇಕ್ ಆಯಿಲ್ ಕುದಿದರೆ ಪೆಡಲಿನ ಬಲವೇ ಚಕ್ರಕ್ಕೆ ಮುಟ್ಟುವುದಿಲ್ಲ. ಹತ್ತುವಾಗ ಯಾವ ಗೇರ್ ಬೇಕಾಯಿತೋ ಅದೇ ಗೇರಿನಲ್ಲಿ ಇಳಿಯಿರಿ. ವೇಗವನ್ನು ಎಂಜಿನ್ನೇ ಹಿಡಿದಿಡಲಿ. ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ. ಅದರ ಮೇಲೆ ಕಾಲನ್ನು ಒರಗಿಸಿ ಇಡಬೇಡಿ. ಆಟೋಮ್ಯಾಟಿಕ್ ಕಾರಾದರೆ ‘ಡಿ’ಯಿಂದ ‘ಎಲ್’ಗೆ ಅಥವಾ ಮ್ಯಾನುಯಲ್ ಮೋಡಿಗೆ ತನ್ನಿ. ಅದು ಎಲ್ಲಿದೆ ಎಂದು ಮನೆಯ ಮುಂದೆಯೇ ಒಮ್ಮೆ ನೋಡಿಕೊಂಡಿರಿ.

ಮಂಜು ಮುಸುಕಿದರೆ ಹೈ ಬೀಮ್ ಹಾಕಬೇಡಿ, ಬೆಳಕು ನಿಮ್ಮ ಕಣ್ಣಿಗೇ ತಿರುಗಿ ಹೊಡೆಯುತ್ತದೆ. ಲೋ ಬೀಮ್, ಫಾಗ್ ಲ್ಯಾಂಪ್ ಸಾಕು. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ಓಡಿಸುವುದು ಈಗೊಂದು ಚಾಳಿಯಾಗಿದೆ. ಹಿಂದಿನವರಿಗೆ ನೀವು ನಿಂತಿದ್ದೀರೋ ತಿರುಗುತ್ತೀರೋ ಎಂದು ಗೊತ್ತಾಗುವುದಿಲ್ಲ.

ಸುಂಟಿಕೊಪ್ಪ ದಾಟಿ ಕುಶಾಲನಗರ ಮುಟ್ಟುವ ಮೊದಲು ಆನೆಕಾಡು ಸಿಗುತ್ತದೆ. ಹೆಸರು ಸುಮ್ಮನೆ ಬಂದದ್ದಲ್ಲ. ಆನೆ ರಸ್ತೆಯಲ್ಲಿದ್ದರೆ ದೂರದಲ್ಲೇ ನಿಲ್ಲಿ. ಹಾರ್ನ್ ಬೇಡ, ಫೋಟೊಗೆಂದು ಇಳಿಯುವುದಂತೂ ಬೇಡ.

ಇನ್ನು ಯಾರ ಮನೆಯಲ್ಲಾದರೂ ಊಟಕ್ಕೆ ಹೇಳಿದ್ದರೆ, ಮಡಿಕೇರಿ ಮುಟ್ಟಿದ ಮೇಲೆ ಫೋನ್ ಮಾಡಿ. ತಲಕಾವೇರಿಯಿಂದ ಮರಳುವ ದಾರಿಯ ಬೆಟ್ಟಗೇರಿಯಲ್ಲಿರುವಾಗಲೇ ‘ಬಂದೇ ಬಿಟ್ಟೆವು’ ಎನ್ನಬೇಡಿ. ಪಂದಿ ಕರಿ, ಅಂದರೆ ಹಂದಿಮಾಂಸದ ಸಾರು, ಎಷ್ಟು ಹೊತ್ತಾದರೂ ಕಾಯುತ್ತದೆ. ಅದರ ಜೊತೆಗಿನ ಅಕ್ಕಿತರಿಯ ಉಂಡೆ ಕಡಂಬುಟ್ಟನ್ನು ಹಬೆಯಿಂದ ಇಳಿಸಿದ ಮೇಲೆ ಬಿಸಿಯಾಗಿಯೇ ತಿನ್ನಬೇಕು.