ಮೂರು ಮಂಗಗಳ ಗೊಂದಲ: ವಿಕಿಪೀಡಿಯಕ್ಕೆ ವೈದ್ಯಕೀಯ ಲೇಖನ ಬರೆಯುವುದು ಹೇಗೆ?

ಮಂಗನ ಕಾಯಿಲೆ, ಮಂಗನಬಾವು, ಮಂಗನ ಸಿಡುಬು. ಮೂರರ ಹೆಸರಿನಲ್ಲೂ ಮಂಗವಿದೆ, ಮೂರೂ ಬೇರೆ ಬೇರೆ ರೋಗಗಳು. ಮೊದಲನೆಯದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ, ಉಣುಗು ಕಚ್ಚುವುದರಿಂದ ಮನುಷ್ಯರಿಗೆ ಬರುವ ವೈರಸ್ ಜ್ವರ. ಎರಡನೆಯದು ಕಿವಿಯ ಬುಡದ ಲಾಲಾಗ್ರಂಥಿಗಳು ಊದಿಕೊಳ್ಳುವ ಮಂಪ್ಸ್. ಕರಾವಳಿಯಲ್ಲಿ ಕೆಪ್ಪಟ್ರಾಯ ಎಂದರೆ ಎಲ್ಲರಿಗೂ ಗೊತ್ತಾಗುವ ಈ ಬಾವಿಗೂ ಮಂಗಕ್ಕೂ ಯಾವ ಸಂಬಂಧವೂ ಇಲ್ಲ. ಮೂರನೆಯದು ಮಂಕಿಪಾಕ್ಸ್, ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು 2022ರ ನವೆಂಬರಿನಲ್ಲಿ ಎಂಪಾಕ್ಸ್ ಎಂಬ ಹೆಸರನ್ನು ಶಿಫಾರಸು ಮಾಡಿತು. ಕನ್ನಡದಲ್ಲಿ ವೈದ್ಯಕೀಯ ಲೇಖನ ಬರೆಯಲು ಕುಳಿತವರು ಮೊದಲು ಎಡವುವುದು ಇಲ್ಲಿಯೇ.

ಕನ್ನಡ ವಿಕಿಪೀಡಿಯ ಆರಂಭವಾದದ್ದು 2003ರಲ್ಲಿ. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಈ ವಿಶ್ವಕೋಶಕ್ಕೆ ವೈದ್ಯಕೀಯ ಬರಹಗಾರರನ್ನು ಒದಗಿಸಲು ನಮ್ಮ ಕರಾವಳಿ ಜಿಲ್ಲೆಗಳಿಗಿಂತ ಸೂಕ್ತ ಜಾಗ ಇನ್ನೊಂದಿಲ್ಲವೆಂದು ನಾನು ಭಾವಿಸುತ್ತೇನೆ. 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಮಂಗಳೂರು, ದೇರಳಕಟ್ಟೆಗಳವರೆಗೆ ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳು ಹಬ್ಬಿವೆ. ಅಲ್ಲಿ ಓದುವವರು ಪಾಠವನ್ನು ಇಂಗ್ಲಿಷಿನಲ್ಲಿ ಕೇಳಿ, ಹೊರರೋಗಿ ವಿಭಾಗದಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ ಮಾತುಗಳನ್ನು ಕಿವಿಗೆ ಹಾಕಿಕೊಳ್ಳುತ್ತಾರೆ. ಲೇಖನಕ್ಕೆ ಬೇಕಾದದ್ದು ಈ ಎರಡೂ ಕಿವಿಗಳು. ಇಂಗ್ಲಿಷ್ ವಿಕಿಪೀಡಿಯದ ಸಂಪಾದಕರು ವೈದ್ಯಕೀಯ ಬರಹಕ್ಕೆಂದು ವಿವರವಾದ ನಿಯಮಗಳನ್ನು ರೂಢಿಸಿಕೊಂಡಿದ್ದಾರೆ. ಅವುಗಳಲ್ಲಿ ನಮಗೆ ಒಗ್ಗುವುದನ್ನೂ, ಕನ್ನಡಕ್ಕೇ ವಿಶಿಷ್ಟವಾದ ಕೆಲವು ತೊಡಕುಗಳನ್ನೂ ಸೇರಿಸಿ ಇಲ್ಲಿ ವಿವರಿಸಿದ್ದೇನೆ.

ಹೆಸರನ್ನು ಗೊತ್ತುಮಾಡಿಕೊಳ್ಳಿ

ಒಂದು ವಾಕ್ಯವನ್ನೂ ಬರೆಯುವ ಮುನ್ನ ಶೀರ್ಷಿಕೆಯನ್ನು ನಿರ್ಧರಿಸಬೇಕು. ಜನರಿಗೆ ಪರಿಚಿತವಾದ ಕನ್ನಡ ಹೆಸರು ಒಂದೇ ರೋಗವನ್ನು ಸೂಚಿಸುತ್ತಿದ್ದರೆ ಅದನ್ನೇ ಇಡಿ: ಕ್ಷಯ, ದಡಾರ, ಮಧುಮೇಹ. ಹೆಸರು ಗೊಂದಲ ಹುಟ್ಟಿಸುವಂತಿದ್ದರೆ ಕನ್ನಡ ಲಿಪಿಯಲ್ಲಿ ಅಂತರರಾಷ್ಟ್ರೀಯ ಹೆಸರನ್ನೇ ಶೀರ್ಷಿಕೆಯಾಗಿಟ್ಟು, ರೂಢಿಯ ಹೆಸರುಗಳನ್ನು ಮೊದಲ ವಾಕ್ಯದಲ್ಲಿ ಹೇಳಿ, ಆ ಹೆಸರುಗಳಿಂದ ಹುಡುಕಿದವರೂ ಇದೇ ಪುಟಕ್ಕೆ ಬರುವಂತೆ ಪುನರ್ನಿರ್ದೇಶನ ಪುಟಗಳನ್ನು ಮಾಡಿಡಿ. ಕೆಪ್ಪಟ್ರಾಯ ಎಂದು ಹುಡುಕುವ ತಾಯಿಗೆ ಮಂಪ್ಸ್ ಪುಟ ಸಿಗಬೇಕು. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲೇ ಆದರೂ, ರೋಗದ ಹೆಸರಿನ ಮಟ್ಟಿಗೆ ನಾನು ನಿಘಂಟಿಗಿಂತ ಆರೋಗ್ಯ ಇಲಾಖೆಯ ಕರಪತ್ರವನ್ನೂ ಆಶಾ ಕಾರ್ಯಕರ್ತೆಯರ ಮಾತನ್ನೂ ಹೆಚ್ಚು ನಂಬುತ್ತೇನೆ.

ಇನ್ನೊಂದು ಎಚ್ಚರಿಕೆ ಕಾಮಾಲೆಯ ವಿಷಯದಲ್ಲಿ. ಕಾಮಾಲೆ ಒಂದು ರೋಗವಲ್ಲ, ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು ಹೆಚ್ಚಾದಾಗ ಕಣ್ಣು ಮತ್ತು ಚರ್ಮ ಹಳದಿಯಾಗುವ ಲಕ್ಷಣ. ಹೆಪಟೈಟಿಸ್, ಪಿತ್ತನಾಳದ ಕಲ್ಲು, ಇಲಿ ಜ್ವರ, ಮಲೇರಿಯಾ, ಇವುಗಳಲ್ಲಿ ಯಾವುದರಿಂದಲೂ ಅದು ಕಾಣಿಸಿಕೊಳ್ಳಬಹುದು. ಹೀಗಿರುವಾಗ ‘ಕಾಮಾಲೆಗೆ ಚಿಕಿತ್ಸೆ’ ಎಂಬ ಒಂದೇ ವಿಭಾಗ ಬರೆದು ಮುಗಿಸಿದರೆ ಓದುಗರು ದಾರಿ ತಪ್ಪುತ್ತಾರೆ. ಕಾರಣಗಳನ್ನು ವಿವರಿಸಿ ಆಯಾ ರೋಗದ ಪುಟಕ್ಕೆ ಕೊಂಡಿ ಕೊಡಬೇಕು.

ಆಕರಗಳನ್ನು ಮೊದಲೇ ಒಟ್ಟುಮಾಡಿ

ಬರೆದ ಮೇಲೆ ಆಕರ ಹುಡುಕುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ವೈದ್ಯಕೀಯದಲ್ಲಿ ಅದು ನಡೆಯದು. ಒಂದು ಪ್ರಯೋಗದ ಫಲಿತಾಂಶವನ್ನು ವರದಿ ಮಾಡುವ ಪ್ರಬಂಧಕ್ಕಿಂತ, ಅಂತಹ ಹಲವು ಪ್ರಬಂಧಗಳನ್ನು ತೂಗಿ ನೋಡಿದ ಪರಾಮರ್ಶನ ಲೇಖನವನ್ನು ಆರಿಸಿಕೊಳ್ಳಬೇಕು. ಕಾಕ್ರೇನ್ ಸಂಸ್ಥೆಯ ವ್ಯವಸ್ಥಿತ ಪರಾಮರ್ಶನೆಗಳು, ವಿಶ್ವ ಆರೋಗ್ಯ ಸಂಸ್ಥೆಯ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿಗಳು, ಇತ್ತೀಚಿನ ಆವೃತ್ತಿಯ ಪಠ್ಯಪುಸ್ತಕಗಳು ಸಾಕಷ್ಟು ದೂರ ಕೊಂಡೊಯ್ಯುತ್ತವೆ. ಸಾಮಾನ್ಯವಾಗಿ ಐದು ವರ್ಷದೊಳಗಿನ ಆಕರಗಳಿಗೆ ಆದ್ಯತೆ ಕೊಡುವುದು ವಾಡಿಕೆ. ಇತಿಹಾಸದ ವಿಭಾಗಕ್ಕೆ ಈ ಮಿತಿ ಅನ್ವಯಿಸುವುದಿಲ್ಲ. ಇಲಿಯ ಮೇಲೆ ನಡೆದ ಪ್ರಯೋಗವನ್ನು ಮನುಷ್ಯರಿಗೆ ಅನ್ವಯಿಸಿ ಬರೆಯಬಾರದು. ಊರಿನಲ್ಲಿ ಎಷ್ಟು ಮಂದಿಗೆ ಡೆಂಗಿ ಬಂತು ಎನ್ನಲು ಪತ್ರಿಕಾ ವರದಿ ಆದೀತು, ಪಪ್ಪಾಯಿ ಎಲೆಯ ರಸ ಡೆಂಗಿಗೆ ಮದ್ದು ಎನ್ನಲು ಆಗದು (ಪತ್ರಿಕೆಯ ಪುರವಣಿಯಲ್ಲೇ ಇದನ್ನು ಬರೆಯುತ್ತಿದ್ದೇನೆಂಬ ಅರಿವು ನನಗಿದೆ).

ಕರಡನ್ನು ತಿದ್ದುವ ಬಗೆ

ಕಳೆದ ಮಳೆಗಾಲದಲ್ಲಿ ಬ್ರಹ್ಮಾವರದ ಕಡೆಯ ವಿದ್ಯಾರ್ಥಿನಿಯೊಬ್ಬರು ತಮ್ಮ ಮೊದಲ ಕರಡನ್ನು ನನಗೆ ಕಳುಹಿಸಿದ್ದರು. ಅದರ ಆರಂಭ ಹೀಗಿತ್ತು: ‘ಇಲಿ ಜ್ವರವು ಇಲಿ ಕಚ್ಚುವುದರಿಂದ ಬರುವ ತೀವ್ರ ಹಾಗೂ ಭಯಾನಕ ರೋಗವಾಗಿದೆ. ಇದರಿಂದ ಬಳಲುತ್ತಿರುವ ರೋಗಿಗಳಿಗೆ ಪ್ರತಿಜೀವಕಗಳನ್ನು ನೀಡಲಾಗುತ್ತದೆ. ನೀವು ಗದ್ದೆಗೆ ಇಳಿಯುವ ಮೊದಲು ವಾರಕ್ಕೊಂದು ಮಾತ್ರೆ ತೆಗೆದುಕೊಳ್ಳಿ.’ ಶ್ರದ್ಧೆಯಿಂದಲೇ ಬರೆದ ಮೂರು ವಾಕ್ಯಗಳಿವು, ಆದರೆ ಒಂದೊಂದರಲ್ಲೂ ತಿದ್ದಬೇಕಾದದ್ದು ಇದೆ.

ಇಲಿ ಜ್ವರ ಎಂದು ನಾವು ಕರೆಯುವ ಲೆಪ್ಟೊಸ್ಪೈರೋಸಿಸ್ ಇಲಿ ಕಚ್ಚಿ ಬರುವುದಲ್ಲ. ಇಲಿ, ಹೆಗ್ಗಣ, ದನ, ನಾಯಿ ಮೊದಲಾದ ಪ್ರಾಣಿಗಳ ಮೂತ್ರ ಸೇರಿದ ನೀರು ಅಥವಾ ಕೆಸರಿನಿಂದ, ಚರ್ಮದ ಗಾಯದ ಮೂಲಕವೋ ಕಣ್ಣು ಬಾಯಿಗಳ ಒಳಪೊರೆಯ ಮೂಲಕವೋ ಬ್ಯಾಕ್ಟೀರಿಯಾ ದೇಹವನ್ನು ಸೇರುತ್ತದೆ. ಇಲಿ ಕಚ್ಚಿ ಬರುವ ಜ್ವರ ಬೇರೆಯೇ ಇದೆ, ಅದರ ಬ್ಯಾಕ್ಟೀರಿಯಾವೂ ಬೇರೆ. ‘ತೀವ್ರ’ ಎಂಬ ಪದವನ್ನು ಕನ್ನಡದ ವೈದ್ಯಕೀಯ ಬರಹ ಎರಡು ಅರ್ಥದಲ್ಲಿ ದುಡಿಸಿಕೊಂಡು ಸವೆಸಿದೆ: ಥಟ್ಟನೆ ಶುರುವಾಗಿ ಕೆಲವೇ ದಿನ ಇರುವ ಕಾಯಿಲೆಗೂ ಅದೇ, ಜೀವಕ್ಕೆ ಎರವಾಗುವಷ್ಟು ಉಲ್ಬಣಿಸಿದ ಕಾಯಿಲೆಗೂ ಅದೇ. ಮೊದಲನೆಯದಕ್ಕೆ ‘ಅಲ್ಪಾವಧಿಯ’ ಎಂದು ಬರೆದು, ಎರಡನೆಯದಕ್ಕೆ ಮಾತ್ರ ‘ತೀವ್ರ’ವನ್ನು ಉಳಿಸಿಕೊಳ್ಳುವುದು ಲೇಸು. ಪ್ರತಿಜೀವಕ ಮತ್ತು ಪ್ರತಿಕಾಯ ಎಂಬ ಜೋಡಿಯೂ ಹಾಗೆಯೇ. ಒಂದು ಔಷಧಿ, ಇನ್ನೊಂದು ದೇಹವೇ ತಯಾರಿಸುವ ಪ್ರೊಟೀನು. ಓದುಗರು ಎರಡನ್ನೂ ಒಂದೆಂದು ತಿಳಿಯುವುದಕ್ಕಿಂತ ಔಷಧಿಯ ಅಂಗಡಿಯಲ್ಲಿ ದಿನವೂ ಕೇಳುವ ಆಂಟಿಬಯೋಟಿಕ್ ಎಂಬ ಪದವೇ ವಾಸಿ. ‘ಭಯಾನಕ’ ಎಂಬುದು ರೋಗದ ಬಗ್ಗೆ ಏನನ್ನೂ ತಿಳಿಸುವುದಿಲ್ಲ. ‘ಬಳಲುತ್ತಿರುವ ರೋಗಿ’ಯ ಬದಲು ‘ರೋಗವಿರುವವರು’ ಎಂದರೆ ಸಾಕು; ಕುಷ್ಠ, ಅಪಸ್ಮಾರಗಳಂತಹ ರೋಗಗಳ ವಿಷಯದಲ್ಲಂತೂ ಮನುಷ್ಯರನ್ನು ರೋಗದ ಹೆಸರಿನಿಂದ ಕರೆಯಲೇಬಾರದು.

ಮೂರನೆಯ ವಾಕ್ಯವನ್ನು ನಾನು ಅಳಿಸಿಯೇ ಬಿಟ್ಟೆ. ವಿಶ್ವಕೋಶವು ವಿವರಿಸುತ್ತದೆ, ಸಲಹೆ ಕೊಡುವುದು ವೈದ್ಯರ ಕೆಲಸ. ಆದ್ದರಿಂದ ‘ನೀವು’ ಎಂದು ಓದುಗರನ್ನು ಕರೆಯುವಂತಿಲ್ಲ, ಎಷ್ಟು ಮಾತ್ರೆ, ಎಷ್ಟು ಹೊತ್ತಿಗೆ ಎಂಬ ಪ್ರಮಾಣವನ್ನು ಬರೆಯುವಂತಿಲ್ಲ. ತಿದ್ದಿದ ಮೇಲೆ ಕರಡು ಹೀಗಾಯಿತು: ‘ಲೆಪ್ಟೊಸ್ಪೈರೋಸಿಸ್ ಅಥವಾ ಇಲಿ ಜ್ವರವು ಸೋಂಕಿತ ಪ್ರಾಣಿಗಳ ಮೂತ್ರ ಸೇರಿದ ನೀರು ಮತ್ತು ಮಣ್ಣಿನ ಸಂಪರ್ಕದಿಂದ ಹರಡುವ ಬ್ಯಾಕ್ಟೀರಿಯಾ ರೋಗ. ಜ್ವರ, ತಲೆನೋವು, ಮೀನಖಂಡದ ನೋವು ಇದರ ಸಾಮಾನ್ಯ ಲಕ್ಷಣಗಳು. ಕೆಲವರಲ್ಲಿ ಕಾಮಾಲೆ ಮತ್ತು ಮೂತ್ರಪಿಂಡದ ವೈಫಲ್ಯ ಕಾಣಿಸಿಕೊಳ್ಳುತ್ತದೆ. ಇದನ್ನು ಡಾಕ್ಸಿಸೈಕ್ಲಿನ್, ಪೆನಿಸಿಲಿನ್ ಮೊದಲಾದ ಆಂಟಿಬಯೋಟಿಕ್‌ಗಳಿಂದ ಗುಣಪಡಿಸಬಹುದು.’

ಉಳಿದ ಲೇಖನವನ್ನು ಲಕ್ಷಣಗಳು, ಕಾರಣ, ರೋಗ ಉಂಟಾಗುವ ಬಗೆ, ಪತ್ತೆ, ತಡೆ, ಚಿಕಿತ್ಸೆ, ಮುಂದಿನ ಪರಿಣಾಮ, ಹರಡುವಿಕೆ, ಇತಿಹಾಸ, ಸಮಾಜ ಮತ್ತು ಸಂಸ್ಕೃತಿ ಎಂಬ ಕ್ರಮದಲ್ಲಿ ಜೋಡಿಸಿದರಾಯಿತು.

ಅಂಕಿ ಮತ್ತು ಔಷಧಿಯ ಹೆಸರು

ಔಷಧಿಯನ್ನು ಕಂಪನಿಯ ಹೆಸರಿನಿಂದ ಕರೆಯದೆ ಅದರ ಮೂಲ ಹೆಸರಿನಿಂದ ಕರೆಯಬೇಕು. ಅಮೆರಿಕದ ಆಕರಗಳು ಅಸೆಟಮಿನೊಫೆನ್ ಎನ್ನುವುದು ನಮ್ಮ ಪ್ಯಾರಾಸಿಟಮಾಲ್ ಅನ್ನೇ. ಗೊತ್ತಿಲ್ಲದವರು ಎರಡು ಔಷಧಿಗಳೆಂದು ಬರೆದುಬಿಡುತ್ತಾರೆ. ಅಂಕಿಗಳಲ್ಲಿ ಹೆಚ್ಚು ಕಾಡುವುದು ರಕ್ತದ ಸಕ್ಕರೆ. ಬ್ರಿಟನ್ನಿನ ಆಕರದಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 7 ಇದ್ದರೆ ಮಧುಮೇಹ ಎಂದಿರುತ್ತದೆ, ಅದು ಲೀಟರಿಗೆ ಮಿಲಿಮೋಲ್ ಲೆಕ್ಕ. ನಮ್ಮ ಲ್ಯಾಬಿನ ಚೀಟಿಯಲ್ಲಿ ಅದೇ ಅಂಶ ಡೆಸಿಲೀಟರಿಗೆ 126 ಮಿಲಿಗ್ರಾಂ ಎಂದು ಬರುತ್ತದೆ. ಸುಮಾರು 18ರಿಂದ ಗುಣಿಸಿ ಎರಡನ್ನೂ ಕೊಡಿ. ಹಾಗೆಯೇ ಜ್ವರಕ್ಕೆ 38 ಡಿಗ್ರಿ ಸೆಲ್ಸಿಯಸ್ ಎಂದಾಗ 100.4 ಫ್ಯಾರನ್‌ಹೀಟ್ ಎಂಬುದೂ ಜೊತೆಗಿರಲಿ, ಮಿಲಿಯನ್‌ಗಳನ್ನು ಲಕ್ಷ ಅಥವಾ ಕೋಟಿಗಳಲ್ಲಿ ಬರೆಯಿರಿ. ಅಪಾಯ ಅರ್ಧಕ್ಕೆ ಇಳಿಯಿತು ಎಂದಷ್ಟೇ ಬರೆಯದೆ, ಸಾವಿರದಲ್ಲಿ ಇಬ್ಬರಿಗೆ ಬರುತ್ತಿದ್ದದ್ದು ಒಬ್ಬರಿಗೆ ಇಳಿಯಿತೋ, ಇನ್ನೂರು ಮಂದಿಗೆ ಬರುತ್ತಿದ್ದದ್ದು ನೂರಕ್ಕೆ ಇಳಿಯಿತೋ ಎಂಬುದನ್ನು ತಿಳಿಸಿ.

ನಾಟಿ ಔಷಧಿ ಮತ್ತು ನಂಬಿಕೆ

ನಾಟಿ ಔಷಧಿಯನ್ನೂ ನಂಬಿಕೆಯನ್ನೂ ಹೇಗೆ ಬರೆಯಬೇಕೆಂಬ ಪ್ರಶ್ನೆ ಸರ್ಪಸುತ್ತಿನ ಲೇಖನದಲ್ಲಿ ಬಂದೇ ಬರುತ್ತದೆ. ಗುಳ್ಳೆಗಳ ಸಾಲು ಮೈಯನ್ನು ಪೂರ್ತಿ ಸುತ್ತಿದರೆ ಜೀವಕ್ಕೆ ಅಪಾಯವೆಂಬ ನಂಬಿಕೆ ನಮ್ಮಲ್ಲಿದೆ. ಅದನ್ನು ಗೇಲಿ ಮಾಡದೆ, ಮುಚ್ಚಿಡದೆ, ನಂಬಿಕೆಯೆಂದೇ ಹೇಳಿ ‘ಸಮಾಜ ಮತ್ತು ಸಂಸ್ಕೃತಿ’ ವಿಭಾಗದಲ್ಲಿ ದಾಖಲಿಸಬಹುದು. ಕಾರಣದ ವಿಭಾಗದಲ್ಲಿ ಬರಬೇಕಾದದ್ದು, ಸೀತಾಳೆ ಸಿಡುಬನ್ನು ತರುವ ವೈರಸ್ಸೇ ವರ್ಷಗಟ್ಟಲೆ ನರದ ಬುಡದಲ್ಲಿ ಅಡಗಿದ್ದು ಮತ್ತೆ ಕೆರಳುತ್ತದೆ, ಆದ್ದರಿಂದಲೇ ಗುಳ್ಳೆಗಳು ಸಾಮಾನ್ಯವಾಗಿ ಆ ನರದ ಹಾದಿ ಹಿಡಿದು ದೇಹದ ಒಂದೇ ಬದಿಯಲ್ಲಿ ಏಳುತ್ತವೆ ಎಂಬುದು. ವೈರಸ್ ನಿರೋಧಕ ಔಷಧಿ ಹೆಚ್ಚು ಫಲಿಸುವುದು ಗುಳ್ಳೆ ಕಾಣಿಸಿಕೊಂಡ 72 ಗಂಟೆಗಳೊಳಗೆ ಶುರುಮಾಡಿದಾಗ ಎಂಬ ಮಾಹಿತಿ ಚಿಕಿತ್ಸೆಯ ವಿಭಾಗದ ಮೊದಲ ಸಾಲಿನಲ್ಲೇ ಇರಲಿ, ಏಕೆಂದರೆ ನಾಟಿ ಲೇಪ ಹಚ್ಚಿಕೊಂಡು ಕಾಯುವವರು ಕಳೆದುಕೊಳ್ಳುವುದು ಈ ಮೂರು ದಿನಗಳನ್ನೇ.

ಪ್ರಕಟಿಸಿದ ಮೇಲೆ

ಚಿತ್ರ ಹಾಕುವುದಾದರೆ ಒಪ್ಪಿಗೆಯಿಲ್ಲದೆ ಯಾರ ಮುಖವೂ ಕಾಣಬಾರದು. ಪಠ್ಯಪುಸ್ತಕದ ಸಾಲುಗಳನ್ನು ಹಾಗೆಯೇ ಇಳಿಸಬಾರದು. ಇಂಗ್ಲಿಷ್ ಪುಟದಿಂದ ಅನುವಾದಿಸಿದ್ದರೆ ಸಂಪಾದನೆಯ ಸಾರಾಂಶದಲ್ಲಿ ಅದನ್ನು ನಮೂದಿಸಬೇಕು. ಪ್ರಕಟವಾದ ಪುಟವನ್ನು ನಿಮ್ಮ ವೀಕ್ಷಣಾಪಟ್ಟಿಗೆ ಸೇರಿಸಿಕೊಂಡರೆ ಬೇರೆಯವರು ಮಾಡುವ ಬದಲಾವಣೆಗಳು ಕಣ್ಣಿಗೆ ಬೀಳುತ್ತವೆ, ಭಿನ್ನಾಭಿಪ್ರಾಯವನ್ನು ಚರ್ಚೆ ಪುಟದಲ್ಲಿ ಬಗೆಹರಿಸಿಕೊಳ್ಳಬಹುದು. ವರ್ಷಕ್ಕೊಮ್ಮೆಯಾದರೂ ಆಕರಗಳನ್ನು ಮತ್ತೆ ನೋಡಬೇಕು. ಮಂಗನ ಕಾಯಿಲೆಗೆ ಲಸಿಕೆ ಲಭ್ಯವಿದೆ ಎಂಬ ವಾಕ್ಯ ಒಂದು ಕಾಲಕ್ಕೆ ಸರಿಯಾಗಿತ್ತು. ಸಾಕಷ್ಟು ರಕ್ಷಣೆ ಸಿಗುತ್ತಿಲ್ಲವೆಂಬ ಕಾರಣಕ್ಕೆ ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದ ಮೇಲೆ ಅದು ತಪ್ಪಾಯಿತು. ಹಳೆಯ ಲೇಖನಗಳಲ್ಲಿ ಆ ವಾಕ್ಯ ಕಂಡರೆ, ಹೊಸಬರು ತಮ್ಮ ಮೊದಲ ತಿದ್ದುಪಡಿಯನ್ನು ಅಲ್ಲಿಂದಲೇ ಆರಂಭಿಸಬಹುದು.