ಓಣಿಯಲ್ಲಿ ಬಟ್ಟೆ ಕೂಡಿಸುವ ಮೊದಲು ಒಂದು ಫೋನ್ ಮಾಡಿ

ಹೋದ ವರ್ಷ ಧಾರವಾಡದ ನಮ್ಮ ಓಣಿಯಲ್ಲಿ ಹೆತ್ತವರ ಆಸರೆ ಇಲ್ಲದ ಮಕ್ಕಳಿಗೆಂದು ಏಳು ಚೀಲ ಬಟ್ಟೆ ಕೂಡಿಸಿದೆವು. ಬಿಚ್ಚಿ ನೋಡಿದರೆ ಗುಂಡಿ ಹೋದ ಅಂಗಿ, ಬಣ್ಣ ಬಿಟ್ಟ ಚೂಡಿದಾರ, ಒಂದು ಬಾಗಿಲ ಪರದೆ ಕೂಡ! ಚಲೋ ಇದ್ದದ್ದು ಒಂದೂವರೆ ಚೀಲ. ಉಳಿದದ್ದು ಕೌದಿ ಹೊಲಿಯುವ ಅಜ್ಜಿಯ ಮನೆ ಸೇರಿತು. ಮೊದಲೇ ಅಲ್ಲಿಗೆ ಹೋಗಬೇಕಿತ್ತು, ಅಲ್ವಾ? ಈ ವರ್ಷ ಬೇರೆ ಥರ ಮಾಡಿದೆವು.

ಮೊದಲ ಕೆಲಸ ಫೋನ್. ಇಂಥ ಮಕ್ಕಳಲ್ಲಿ ಕೆಲವರು ಬಾಲಮಂದಿರದಲ್ಲಿರುತ್ತಾರೆ. ಕೆಲವರು ಫಾಸ್ಟರ್ ಕೇರ್‌ನಲ್ಲಿ, ಅಂದರೆ ಬೇರೊಂದು ಕುಟುಂಬದ ಮನೆಯಲ್ಲಿ ಬೆಳೆಯುತ್ತಾರೆ. ಇದು ದತ್ತು ಅಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ ಮಕ್ಕಳ ಕಲ್ಯಾಣ ಸಮಿತಿ ಮಗುವನ್ನು ಆ ಮನೆಗೆ ಒಪ್ಪಿಸುತ್ತದೆ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅಂಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಊಟ, ಔಷಧಿ, ಟ್ಯೂಷನ್ ಎಲ್ಲ ಅದರಲ್ಲೇ ಆಗಬೇಕೆಂದರೆ ಸ್ವೆಟರ್‌ಗೆ ಎಷ್ಟು ಉಳಿದೀತು?

ಆ ಮನೆಗಳ ವಿಳಾಸ ನಮಗೆ ಸಿಗುವುದಿಲ್ಲ, ಕೇಳಲೂಬಾರದು. ಇಂಥ ಮಕ್ಕಳನ್ನು ನೋಡಿಕೊಳ್ಳುವ ಸರ್ಕಾರಿ ಕಚೇರಿ, ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಕರೆ ಮಾಡಿ. 1098ಕ್ಕೆ ಬೇಡ, ಅದು ತೊಂದರೆಯಲ್ಲಿರುವ ಮಕ್ಕಳಿಗಾಗಿ ಇರುವ ಸಹಾಯವಾಣಿ. ಘಟಕದವರಿಂದ ಹೆಸರಿಲ್ಲದ ಪಟ್ಟಿ ಪಡೆಯಿರಿ: ವಯಸ್ಸು, ಹುಡುಗನೋ ಹುಡುಗಿಯೋ, ಅಂಗಿಯ ಅಳತೆ, ಚಪ್ಪಲಿ ನಂಬರ್.

ಪಟ್ಟಿ ಕೈಗೆ ಬಂದಾಗ ನಮಗೆ ಸ್ವಲ್ಪ ನಾಚಿಕೆಯಾಯಿತು. ನಾಲ್ಕು ವರ್ಷದ ಮಕ್ಕಳ ಫ್ರಾಕ್ ಎಲ್ಲರೂ ಕೊಡುತ್ತಾರೆ. ಹದಿನಾಲ್ಕು, ಹದಿನಾರರ ಮಕ್ಕಳು ಯಾರಿಗೂ ನೆನಪಾಗುವುದಿಲ್ಲ. ಅವರಿಗೆ ಬೇಕಾದದ್ದು ಹೊಸ ಒಳಉಡುಪು, ಸ್ಯಾನಿಟರಿ ಪ್ಯಾಡ್, ಟವೆಲ್, ಹಲ್ಲುಜ್ಜುವ ಬ್ರಷ್. ಒಳಉಡುಪು ಮಾತ್ರ ಹಳೆಯದು ಬೇಡವೇ ಬೇಡ. ಧಾರವಾಡದ ಜಿಟಿಜಿಟಿ ಮಳೆ ನಿಮಗೆ ಗೊತ್ತೇ ಇದೆ. ಒಗೆದ ಬಟ್ಟೆ ಮೂರು ದಿನ ಒಣಗುವುದಿಲ್ಲ. ಅದಕ್ಕೇ ಒಳಉಡುಪು ಒಂದೆರಡು ಜೊತೆ ಜಾಸ್ತಿ ಇರಲಿ, ಜೊತೆಗೆ ಕೊಡೆಯೂ ಇರಲಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ, ಸಮವಸ್ತ್ರ ಪುಕ್ಕಟೆ ಸಿಗುತ್ತವೆ. ನೀವು ನೋಟ್‌ಬುಕ್, ಕಂಪಾಸ್ ಬಾಕ್ಸ್ ನೋಡಿಕೊಳ್ಳಿ.

ಕೂಡಿಸಲು ಒಂದು ಮನೆ, ಎರಡು ಭಾನುವಾರ ಸಾಕು. ದಿನಾ ತೆರೆದಿಟ್ಟರೆ ಮತ್ತೆ ಪರದೆ ಬರುತ್ತದೆ! ಬಂದ ಬಟ್ಟೆಯನ್ನು ಬಿಸಿಲಲ್ಲಿ ಹಿಡಿದು ನೋಡಿ, ಜಿಪ್ ಎಳೆದು ನೋಡಿ. ನಮ್ಮ ಓಣಿಯ ಕಾಕೂ ಒಬ್ಬರದು ಒಂದೇ ಪ್ರಶ್ನೆ: "ನಿನ್ನ ಮಗ ಇದನ್ನ ಹಾಕ್ಕೊಂಡು ಮದಿವಿಗೆ ಬರ್ತಾನೇನು?" ಅರ್ಧ ಚೀಲ ಅಲ್ಲೇ ಖಾಲಿ. ಉಳಿದದ್ದನ್ನು ಒಗೆದು, ಇಸ್ತ್ರಿ ಮಾಡಿ, ಅಳತೆ ಬರೆದ ಚೀಟಿ ಹಚ್ಚಿ. ಪಟ್ಟಿಯಲ್ಲಿ ಇನ್ನೂ ಬಾಕಿ ಇದ್ದದ್ದಕ್ಕೆ ವಂತಿಗೆ ಎತ್ತಿ ಹುಬ್ಬಳ್ಳಿಯ ದುರ್ಗದ ಬೈಲು ಮಾರುಕಟ್ಟೆಗೆ ಹೋದೆವು. ಬಿಲ್ ಇಟ್ಟುಕೊಳ್ಳಿ, ವಂತಿಗೆ ಕೊಟ್ಟವರು ಕೇಳುತ್ತಾರೆ.

ಪ್ರತಿ ಮಗುವಿನದನ್ನೂ ಒಂದೊಂದು ಗಟ್ಟಿ ಬ್ಯಾಗಿನಲ್ಲಿ ಹಾಕಿ. ಇಂಥ ಮಕ್ಕಳಿಗೆ ಜಾಗ ಬದಲಿಸುವ ಪ್ರಸಂಗ ಬರುತ್ತಲೇ ಇರುತ್ತದೆ, ಕ್ಯಾರಿಬ್ಯಾಗ್ ಹರಿಯುತ್ತದೆ. ಘಟಕಕ್ಕೆ ತಲುಪಿಸಿ ರಸೀದಿ ಪಡೆಯಿರಿ. ತೆರಿಗೆ ವಿನಾಯಿತಿಯ ಲೆಕ್ಕ ಹಾಕಬೇಡಿ, ಬಟ್ಟೆ-ಬರೆ ಕೊಟ್ಟರೆ ಅದು ಸಿಗುವುದಿಲ್ಲ.

ಫೋಟೊ? ಬೇಡ. ಇಂಥ ಮಗುವಿನ ಗುರುತು ಬಯಲು ಮಾಡಿದರೆ ಅದೇ ಬಾಲನ್ಯಾಯ ಕಾಯ್ದೆಯಡಿ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಸ್ಟೇಟಸ್‌ಗೆ ಹಾಕಲೇಬೇಕೆಂದರೆ ಬ್ಯಾಗುಗಳ ಫೋಟೊ ಹಾಕಿ.

ಬರುವಾಗ ಮುಂದಿನ ಪಟ್ಟಿ ಯಾವಾಗ ಸಿಗುತ್ತದೆ ಎಂದು ಕೇಳಿಕೊಂಡು ಬನ್ನಿ. ಜೂನ್‌ನಲ್ಲಿ ಕೊಟ್ಟ ಚಪ್ಪಲಿ ದೀಪಾವಳಿ ಹೊತ್ತಿಗೆ ಬಿಗಿಯಾಗಿರುತ್ತದೆ.