ಗಂಟೆ ಬಾರಿಸುವ ಮೊದಲು: ಆನ್‌ಲೈನ್ ಸಿಮ್ ಕುಸ್ತಿ ಲೀಗ್ ನಡೆಸುವ ಬಗೆ

ಆನ್‌ಲೈನ್ ಕುಸ್ತಿ ಲೀಗ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಸದಸ್ಯರು ತಮ್ಮ ಪಾತ್ರದ ಬಾಯಲ್ಲಿ ಪ್ರೋಮೋ, ಅಂದರೆ ಎದುರಾಳಿಗೆ ಸವಾಲು ಹಾಕುವ ಮಾತು, ಬರೆಯುತ್ತಾರೆ, ಯಾರ ಬರಹ ಮೇಲೆನಿಸುತ್ತದೋ ಅವರ ಪೈಲ್ವಾನ ಗೆಲ್ಲುತ್ತಾನೆ. ಇನ್ನೊಂದರಲ್ಲಿ ಸದಸ್ಯರು ಪೈಲ್ವಾನನನ್ನು ಕಟ್ಟಿಕೊಡುತ್ತಾರೆ, ಪಂದ್ಯವನ್ನು ಕಂಪ್ಯೂಟರೇ ಆಡಿಸುತ್ತದೆ. ಎರಡೂ ಮೂಲೆಯಲ್ಲಿ ಸಿಪಿಯು (ಕಂಪ್ಯೂಟರ್ ಆಡಿಸುವ ಪೈಲ್ವಾನ), ಕಂಟ್ರೋಲರ್ ಯಾರ ಕೈಯಲ್ಲೂ ಇಲ್ಲ. ಇದಕ್ಕೇ ಸಿಮ್, ಅಂದರೆ ಸಿಮ್ಯುಲೇಶನ್, ಲೀಗ್ ಎನ್ನುವುದು. ನಾನು ನಡೆಸುವುದು ಎರಡನೆಯದನ್ನು. ಬರಹಕ್ಕೆ ತೀರ್ಪು ಕೊಡುವ ಲೀಗ್‌ನಲ್ಲಿ ಸೋತವನ ಸಿಟ್ಟು ತೀರ್ಪುಗಾರನ ಮೇಲೆ ತಿರುಗುತ್ತದೆ. ಸಿಮ್‌ನಲ್ಲಿ ಸಿಟ್ಟು ಮಾಡಿಕೊಳ್ಳಬೇಕಾದರೆ ಯಂತ್ರದ ಮೇಲೆ ಮಾಡಿಕೊಳ್ಳಬೇಕು.

ಹಾಗೆಂದು ಜಗಳ ಇಲ್ಲವೆಂದಲ್ಲ. ಜಗಳ ಹುಟ್ಟುವುದು ಯಾವಾಗಲೂ ಮೊದಲೇ ಬರೆದಿಡದ ನಿಯಮದಿಂದ. ಆದ್ದರಿಂದ ನಾನು ಮೊದಲು ಆಟ ತೆರೆಯುವುದಿಲ್ಲ, ಒಂದು ಪುಟದ ನಿಯಮಪಟ್ಟಿ ಬರೆಯುತ್ತೇನೆ. ಪಂದ್ಯದ ಅವಧಿ ಎಷ್ಟು, ಅಂಕ ಹೇಗೆ, ಸಮಬಲವಾದರೆ ಏನು, ಆಟ ಮಧ್ಯೆ ಕ್ರ್ಯಾಶ್ ಆದರೆ ಏನು, ಪೈಲ್ವಾನನನ್ನು ತಿದ್ದಲು ಕೊನೆಯ ದಿನ ಯಾವುದು. ಈ ಐದಕ್ಕೆ ಉತ್ತರ ಇಲ್ಲದೆ ಸೀಸನ್ ಶುರು ಮಾಡುವುದಿಲ್ಲ.

ಎಷ್ಟು ಜನ? ಹನ್ನೆರಡು. ಹನ್ನೆರಡು ಜನ ಎಲ್ಲರೂ ಎಲ್ಲರೊಂದಿಗೆ ಆಡಿದರೆ 66 ಪಂದ್ಯ, 11 ಸುತ್ತು. ಎರಡು ವಾರಕ್ಕೊಂದು ಶೋ ಎಂದರೆ 22 ವಾರ. ಅಷ್ಟರಲ್ಲಿ ಅರ್ಧ ಜನ ಮಾಯ. ಅದೇ ಹನ್ನೆರಡು ಜನರನ್ನು ಆರಾರರ ಎರಡು ಬ್ಲಾಕ್ ಮಾಡಿದರೆ ಬ್ಲಾಕಿಗೆ 15, ಒಟ್ಟು 30 ಪಂದ್ಯ. ಶೋಗೆ ಆರು ಪಂದ್ಯದಂತೆ ಐದು ಶೋ, ಆಮೇಲೆ ಎರಡು ಬ್ಲಾಕಿನ ಅಗ್ರರ ನಡುವೆ ಫೈನಲ್. ಇದು ಹೊಸದೇನಲ್ಲ, ಜಪಾನಿನ ಜಿ1 ಕ್ಲೈಮ್ಯಾಕ್ಸ್ ಕುಸ್ತಿ ಟೂರ್ನಿಯನ್ನು ಹಿಂದಿನ ವರ್ಷಗಳಲ್ಲಿ ನೋಡಿದವರಿಗೆ ಗೊತ್ತಿರುವ ವ್ಯವಸ್ಥೆಯೇ. ಅಂಕವೂ ಅಲ್ಲಿನದೇ: ಗೆದ್ದರೆ 2, ಸಮಬಲಕ್ಕೆ 1, ಸೋತರೆ 0.

ಜೋಡಿ ಹಾಕುವುದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆರು ಜನರಿಗೆ 1ರಿಂದ 6 ಸಂಖ್ಯೆ ಕೊಡಿ. ಮೊದಲ ಸುತ್ತು 1-6, 2-5, 3-4. ಒಂದನೆಯವನನ್ನು ಕದಲಿಸದೆ ಉಳಿದವರನ್ನು ಒಂದೊಂದು ಸ್ಥಾನ ತಿರುಗಿಸಿ: 1-5, 6-4, 2-3. ಮತ್ತೆ ತಿರುಗಿಸಿದರೆ 1-4, 5-3, 6-2. ಐದು ಸುತ್ತಿಗೆ ಯಾರೂ ಯಾರನ್ನೂ ಎರಡು ಸಲ ಎದುರಿಸದೆ ಮುಗಿಯುತ್ತದೆ. ಸಂಖ್ಯೆಯನ್ನು ಮಾತ್ರ ಎಲ್ಲರೆದುರು ಚೀಟಿ ಎತ್ತಿ ಕೊಡಬೇಕು. ಯಾರು ಕೊನೆಯ ಸುತ್ತಿನಲ್ಲಿ ಯಾರನ್ನು ಎದುರಿಸುತ್ತಾರೆ ಎನ್ನುವುದೇ ಅನುಮಾನದ ಬೀಜ.

ಆಟ ಯಾವುದು ಎಂಬ ಪ್ರಶ್ನೆಗೆ ನನ್ನ ಉತ್ತರ ಫೈರ್ ಪ್ರೋ ರೆಸ್ಲಿಂಗ್ ವರ್ಲ್ಡ್. 2017ರಲ್ಲಿ ಪಿಸಿಗೆ ಬಂದದ್ದು, ಇವತ್ತಿನ ಕಣ್ಣಿಗೆ ಚಿತ್ರ ಹಳೆಯದೆನಿಸಬಹುದು. ಆದರೆ ಅದರಲ್ಲಿ ಪೈಲ್ವಾನನ ತಲೆಯೊಳಗನ್ನು ತಿದ್ದಬಹುದು. ಎದುರಾಳಿಗೆ ಪೆಟ್ಟು ಕಡಿಮೆ ಬಿದ್ದಾಗ, ಮಧ್ಯಮ ಬಿದ್ದಾಗ, ಹೆಚ್ಚು ಬಿದ್ದಾಗ ಯಾವ ಪಟ್ಟನ್ನು ಶೇಕಡ ಎಷ್ಟು ಸಲ ಹಾಕಬೇಕು ಎಂದು ಒಂದೊಂದು ಸನ್ನಿವೇಶಕ್ಕೂ ಬೇರೆಬೇರೆಯಾಗಿ ಬರೆಯಬಹುದು, ಪ್ರತಿ ಸನ್ನಿವೇಶದ ಮೊತ್ತ 100 ಬರಬೇಕು. ಇದಕ್ಕೆ ಲಾಜಿಕ್ ಎನ್ನುತ್ತೇವೆ. ಸಿಮ್ ಲೀಗ್‌ನ ಜೀವ ಇರುವುದು ಇಲ್ಲಿ.

ಹೊಸಬರು ಎಡವುವುದೂ ಇಲ್ಲೇ. ಎಲ್ಲರಿಗೂ ತಮ್ಮ ಫಿನಿಷರ್, ಅಂದರೆ ಪಂದ್ಯ ಮುಗಿಸುವ ಪಟ್ಟಿನ, ಮೇಲೆ ಮೋಹ. ಹೆಚ್ಚು ಪೆಟ್ಟಿನ ಹಂತದಲ್ಲಿ ಫಿನಿಷರ್‌ಗೆ 60 ಇಟ್ಟು ಕಳಿಸುತ್ತಾರೆ. ಪರಿಣಾಮವಾಗಿ ಪೈಲ್ವಾನ ಅದೇ ಪಟ್ಟನ್ನು ಬೆನ್ನುಬೆನ್ನಿಗೆ ಮೂರು ಸಲ ಹಾಕುತ್ತಾನೆ, ನೋಡುವವರಿಗೆ ಆಕಳಿಕೆ. ನಾನು ಹೇಳಿಕೊಡುವ ಲೆಕ್ಕ ಹೀಗೆ: ಹೆಚ್ಚು ಪೆಟ್ಟಿನ ಹಂತದಲ್ಲಿ ಫಿನಿಷರ್ 15, ಅದಕ್ಕೆ ದಾರಿ ಮಾಡುವ ಎರಡು ಭಾರಿ ಪಟ್ಟಿಗೆ 20ರಂತೆ 40, ಉಳಿದ 45ನ್ನು ಮೂರು ಸಾಧಾರಣ ಪಟ್ಟಿಗೆ 15ರಂತೆ ಹಂಚಿ. ಮಧ್ಯಮ ಹಂತದಲ್ಲಿ ಫಿನಿಷರ್ ಹೆಚ್ಚೆಂದರೆ 3. ಕಡಿಮೆ ಹಂತದಲ್ಲಿ ಸೊನ್ನೆ. ಎಲ್ಲ ಹಂತದಲ್ಲೂ ಸೊನ್ನೆ ಇಟ್ಟವರೂ ಇದ್ದಾರೆ, ಮರೆತು. ಅಂಥವನ ಪಂದ್ಯ ಎಳೆದು ಎಳೆದು ಸಮಯ ಮುಗಿದು ಸಮಬಲವಾಗುತ್ತದೆ.

ಬಲಾಬಲಕ್ಕೆ ಮಿತಿ ಬೇಕೇ ಬೇಕು. ಪೈಲ್ವಾನನ ಗುಣಗಳಿಗೆ ಹಂಚುವ ಒಟ್ಟು ಅಂಕ ಎಲ್ಲರಿಗೂ ಒಂದೇ ಇರಲಿ, ಯಾವ ಗುಣವೂ ತೀರ ಕೆಳಗಿನ ದರ್ಜೆಯಲ್ಲಿ ಇರದಿರಲಿ. ಕೆಳಮಿತಿ ಹಾಕದಿದ್ದರೆ ಚಾಣಾಕ್ಷರು ಉಪಯೋಗಕ್ಕೆ ಬಾರದ ಗುಣಗಳನ್ನೆಲ್ಲ ತಳಕ್ಕಿಳಿಸಿ, ಉಳಿದ ಅಂಕವನ್ನು ಒಂದೇ ಕಡೆ ಸುರಿಯುತ್ತಾರೆ. ಅಂಕ ಸಮ ಇದ್ದರೂ ಬಲ ಸಮ ಇರುವುದಿಲ್ಲ, ಏಕೆಂದರೆ ಲಾಜಿಕ್ ಚೆನ್ನಾಗಿ ಬರೆದವನದ್ದು ಮೇಲುಗೈ. ಅದು ಇರಲಿ, ಆ ಕೌಶಲಕ್ಕೇ ಅಲ್ಲವೇ ಸ್ಪರ್ಧೆ. ನಾನು ತಡೆಯುವುದು ಅತಿರೇಕವನ್ನು ಮಾತ್ರ.

ತಡೆಯುವ ಬಗೆ: ಲೀಗ್‌ಗೆ ಸೇರದ ಒಬ್ಬ ಸಾಧಾರಣ ಪೈಲ್ವಾನನನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. ಬಂದ ಪ್ರತಿಯೊಬ್ಬನನ್ನೂ ಅವನೊಂದಿಗೆ 10 ಪಂದ್ಯ ಆಡಿಸುತ್ತೇನೆ. 9 ಅಥವಾ 10 ಗೆದ್ದರೆ ತಿದ್ದಿ ತರಲು ವಾಪಸ್. ನಿಜಕ್ಕೂ ಸಮಬಲದವನಾಗಿದ್ದರೆ ಹತ್ತರಲ್ಲಿ ಒಂಬತ್ತು ಅಥವಾ ಹೆಚ್ಚು ಗೆಲ್ಲುವ ಸಾಧ್ಯತೆ 1024ರಲ್ಲಿ 11, ಅಂದರೆ ಶೇ. 1ರ ಆಸುಪಾಸು. ಏಳು ಗೆದ್ದವನನ್ನು ಮಾತ್ರ ಹಿಡಿಯಬಾರದು. ಏಳು ಅಥವಾ ಹೆಚ್ಚು ಗೆಲ್ಲುವುದು ಬರೀ ಅದೃಷ್ಟದಿಂದಲೇ ಶೇ. 17ರಷ್ಟು ಸಲ ಆಗುತ್ತದೆ. ಒಂದೂ ಗೆಲ್ಲದವನ ಲಾಜಿಕ್ ತೆರೆದು ನೋಡಿದರೆ ಬಹುತೇಕ ಪಿನ್ ಮಾಡುವ (ಎದುರಾಳಿಯ ಭುಜವನ್ನು ನೆಲಕ್ಕೊತ್ತಿ ಗೆಲ್ಲುವ) ಶೇಕಡಾವಾರು ಖಾಲಿ ಇರುತ್ತದೆ.

ತಿದ್ದುವ ಅವಧಿ ಮುಗಿದ ದಿನ ಎಲ್ಲವೂ ಬೀಗ. ಆಟಗಾರರು ತಾವು ಮಾಡಿದ್ದನ್ನು ಹಂಚಿಕೊಳ್ಳುವ ತಾಣವಾದ ಸ್ಟೀಮ್ ವರ್ಕ್‌ಶಾಪ್‌ನಿಂದ ಇಳಿಸಿಕೊಂಡ ಪೈಲ್ವಾನನನ್ನು ಅವನ ಮಾಲೀಕ ಆಮೇಲೆ ತಿದ್ದಿದರೆ ನಮ್ಮಲ್ಲಿರುವ ಪ್ರತಿಯೂ ಬದಲಾಗಬಹುದು. ಅದಕ್ಕೇ ಬೀಗದ ದಿನದ ಸೇವ್ ಫೋಲ್ಡರನ್ನು ಪೂರ್ತಿ ನಕಲು ಮಾಡಿ, ದಿನಾಂಕ ಹೆಸರಿಸಿ, ಇನ್ನೊಬ್ಬ ಸದಸ್ಯರ ಬಳಿಯೂ ಒಂದು ಇಡುತ್ತೇನೆ. ಡಿಎಲ್‌ಸಿ (ಆಟಕ್ಕೆ ಪ್ರತ್ಯೇಕವಾಗಿ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗ) ಪಟ್ಟುಗಳ ವಿಷಯವನ್ನೂ ಮುಂಚೆಯೇ ಹೇಳಿಬಿಡಿ: ಪಂದ್ಯ ಆಡಿಸುವವರ ಕಂಪ್ಯೂಟರಿನಲ್ಲಿ ಇಲ್ಲದ್ದು ಲೀಗ್‌ನಲ್ಲೂ ಇಲ್ಲ.

ಆಟದ ತಂತ್ರಾಂಶವೇ ಬೇಡ, ಸ್ಪ್ರೆಡ್‌ಶೀಟ್‌ನಲ್ಲಿ ದಾಳ ಹಾಕಿ ನಡೆಸುತ್ತೇವೆ ಎನ್ನುವವರಿಗೆ ಒಂದೇ ಎಚ್ಚರಿಕೆ. ಯಾದೃಚ್ಛಿಕ ಸಂಖ್ಯೆ ಕೊಡುವ ರ್‍ಯಾಂಡ್‌ಬಿಟ್ವೀನ್ ಸೂತ್ರ ಶೀಟ್‌ನ ಯಾವ ಮೂಲೆಯಲ್ಲಿ ಏನು ಬರೆದರೂ ಹೊಸ ಸಂಖ್ಯೆ ಕೊಡುತ್ತದೆ. ಫಲಿತಾಂಶ ಓದಿ ಹೆಸರಿನ ಕಾಗುಣಿತ ತಿದ್ದಿದಿರೋ, ಗೆದ್ದವನು ಸೋತಿರುತ್ತಾನೆ. ಸಂಖ್ಯೆ ಬಂದ ಕೂಡಲೇ ಅದನ್ನು ಬರೀ ಮೌಲ್ಯವಾಗಿ ಪೇಸ್ಟ್ ಮಾಡಿ.

ಶೋ ದಿನ ನೇರಪ್ರಸಾರವೇ ಆಗಬೇಕು. ಮೊದಲೇ ರೆಕಾರ್ಡ್ ಮಾಡಿ ಹಾಕಿದರೆ ಪಂದ್ಯವನ್ನು ಎಷ್ಟು ಸಲ ಆಡಿಸಿ ಬೇಕಾದ ಫಲಿತಾಂಶ ಆರಿಸಿದರೋ ಎಂಬ ಮಾತು ಬರುತ್ತದೆ, ಅದಕ್ಕೆ ಉತ್ತರವಿಲ್ಲ. ಪ್ರಸಾರಕ್ಕೆ ಓಬಿಎಸ್ ಎಂಬ ಉಚಿತ ತಂತ್ರಾಂಶ ಸಾಕು. ಬಿಟ್‌ರೇಟ್ 6000 ಕೆಬಿಪಿಎಸ್ ಇಟ್ಟರೆ ಗಂಟೆಗೆ ಸುಮಾರು 2.7 ಜಿಬಿ, ಅಪ್‌ಲೋಡ್ ವೇಗ ಅದರ ಒಂದೂವರೆ ಪಟ್ಟಾದರೂ ಇರಲಿ. ಜೊತೆಗೇ ಕಂಪ್ಯೂಟರಿನಲ್ಲೂ ರೆಕಾರ್ಡ್ ಆಗುತ್ತಿರಲಿ, ಎಂಕೆವಿ ರೂಪದಲ್ಲಿ. ಸಾಧಾರಣ ಎಂಪಿ4 ಆದರೆ ಕರೆಂಟು ಹೋದ ಕ್ಷಣಕ್ಕೆ ಇಡೀ ಕಡತ ತೆರೆಯದೆ ಹೋಗುತ್ತದೆ, ಎಂಕೆವಿಯಲ್ಲಿ ಅಲ್ಲಿವರೆಗಿನದು ಉಳಿಯುತ್ತದೆ. ಪ್ರವೇಶದ ಹಾಡುಗಳನ್ನು ಬೇರೆ ಆಡಿಯೊ ಟ್ರ್ಯಾಕಿಗೆ ಹಾಕಿ. ಹಕ್ಕುಸ್ವಾಮ್ಯದ ಹಾಡು ಸೇರಿದರೆ ಉಳಿಸಿದ ವಿಡಿಯೊ ಮೂಕವಾಗಬಹುದು.

ಗಂಟೆ ಬಾರಿಸುವ ಮುನ್ನ ನಾನು ಗಟ್ಟಿಯಾಗಿ ಓದಿ ಹೇಳುವುದು ನಾಲ್ಕು ಸಂಗತಿ: ಎರಡೂ ಕಡೆ ಸಿಪಿಯು ಇದೆ, ಇಬ್ಬರ ಸಿಪಿಯು ಮಟ್ಟ ಒಂದೇ, ಸಮಯ 30 ನಿಮಿಷ, ರಿಂಗ್ ಹೊರಗಿನ ಎಣಿಕೆ ಇದೆ. ಒಂದು ಮೂಲೆಯನ್ನು ತಪ್ಪಿ ಕಂಟ್ರೋಲರ್‌ಗೆ ಬಿಟ್ಟರೆ ಪೈಲ್ವಾನ ಕಂಬದಂತೆ ನಿಂತು ಪೆಟ್ಟು ತಿನ್ನುತ್ತಾನೆ. ಈ ಓದು ಅರ್ಧ ನಿಮಿಷದ ಕೆಲಸ, ಬಿಡಬೇಡಿ.

ಕ್ರ್ಯಾಶ್ ಆದರೆ ಪಂದ್ಯ ಮೊದಲಿನಿಂದ, ಯಾರು ಮುಂದಿದ್ದರೆಂಬುದು ಲೆಕ್ಕಕ್ಕಿಲ್ಲ. ಕ್ರಿಟಿಕಲ್ (ಒಂದೇ ಏಟಿಗೆ ಪಂದ್ಯ ಮುಗಿಸುವ ಪೆಟ್ಟು) ಬಿದ್ದು ಎರಡನೇ ನಿಮಿಷಕ್ಕೇ ಪಂದ್ಯ ಮುಗಿದರೆ ಅದು ಫಲಿತಾಂಶವೇ, ಮರುಪಂದ್ಯವಿಲ್ಲ. ಆಗ ಬರುವ ವಾದಗಳನ್ನು ಕೇಳಬೇಕು! ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಬ್ಲಾಕಿನಲ್ಲಿ ಇಬ್ಬರ ಅಂಕ ಸಮವಾದರೆ ಅವರವರ ನಡುವಿನ ಪಂದ್ಯ ನೋಡುತ್ತೇನೆ. ಮೂವರು ಸುತ್ತಿ ಬಳಸಿ ಒಬ್ಬರನ್ನೊಬ್ಬರು ಸೋಲಿಸಿದ್ದರೆ ಅದು ಕೆಲಸಕ್ಕೆ ಬಾರದು. ಆಗ ಆ ಮೂವರ ನಡುವಿನ ಗೆಲುವುಗಳಿಗೆ ತೆಗೆದುಕೊಂಡ ಸಮಯದಲ್ಲಿ ಕಡಿಮೆ ಯಾರದೋ ಅವರು ಮುಂದೆ. ಅದಕ್ಕೇ ಪ್ರತಿ ಪಂದ್ಯದ ನಿಮಿಷ-ಸೆಕೆಂಡು ಮೊದಲ ಶೋದಿಂದಲೇ ಬರೆದಿಡಬೇಕು.

ಪ್ರೋಮೋ ಬೇಡವೆಂದಲ್ಲ, ಅದಿಲ್ಲದಿದ್ದರೆ ಇದು ಬರೀ ಅಂಕಪಟ್ಟಿ. 300 ಪದ, ಶೋಗೆ 48 ಗಂಟೆ ಮೊದಲು, ಫಲಿತಾಂಶದ ಮೇಲೆ ಪರಿಣಾಮವಿಲ್ಲ. ಎದುರಾಳಿಯ ಪಾತ್ರಕ್ಕೆ ಗಾಯ, ದ್ರೋಹ, ನಿವೃತ್ತಿಯಂಥದ್ದನ್ನು ಅವರ ಒಪ್ಪಿಗೆ ಇಲ್ಲದೆ ಬರೆಯುವಂತಿಲ್ಲ. ಹೀಲ್, ಅಂದರೆ ಖಳ, ಪಾತ್ರದವರು ಬೈಯುವುದು ಪಾತ್ರವನ್ನು, ಅದರ ಹಿಂದಿನ ಮನುಷ್ಯನನ್ನಲ್ಲ. ಇದಕ್ಕೆ ಎರಡನೇ ಎಚ್ಚರಿಕೆ ಕೊಡುವುದಿಲ್ಲ. ಎರಡು ಶೋ ಪ್ರೋಮೋ ಕಳಿಸದವರ ಕಥೆ ಕೈಬಿಡುತ್ತೇನೆ, ಪೈಲ್ವಾನ ಮಾತ್ರ ಆಡುತ್ತಲೇ ಇರುತ್ತಾನೆ. ಸಿಮ್ ಲೀಗ್‌ನ ದೊಡ್ಡ ಅನುಕೂಲ ಇದೇ: ಮಾಲೀಕ ನಾಪತ್ತೆಯಾದರೂ ವೇಳಾಪಟ್ಟಿ ನಿಲ್ಲುವುದಿಲ್ಲ.

ಬೆಲ್ಟ್ ಒಂದೇ ಸಾಕು. ಹನ್ನೆರಡು ಜನಕ್ಕೆ ಮೂರು ಬೆಲ್ಟ್ ಮಾಡಿದರೆ ನಾಲ್ವರಲ್ಲಿ ಒಬ್ಬ ಚಾಂಪಿಯನ್, ಯಾವುದಕ್ಕೂ ಬೆಲೆಯಿಲ್ಲ. ಲೀಗ್ ನಡೆಸುವವರ ಪೈಲ್ವಾನ ಬೆಲ್ಟ್‌ಗೆ ಆಡಲೇಬಾರದು. ಯಂತ್ರವೇ ಗೆಲ್ಲಿಸಿದ್ದು ಎಂದರೂ ಬೇಲಿ ಎದ್ದು ಹೊಲ ಮೇಯ್ದಂತೆ ಕಾಣುತ್ತದೆ. ನನ್ನ ಪೈಲ್ವಾನ ಬ್ಲಾಕಿನ ಹೊರಗಿದ್ದು, ಯಾರಾದರೂ ಸೀಸನ್ ಮಧ್ಯೆ ಪೈಲ್ವಾನನನ್ನೇ ವಾಪಸ್ ತೆಗೆದುಕೊಂಡರೆ ಅವರ ಉಳಿದ ಪಂದ್ಯ ತುಂಬುತ್ತಾನೆ. ಆ ಪಂದ್ಯಗಳಲ್ಲಿ ಎದುರಾಳಿ ಗೆದ್ದರೆ ಅವನಿಗೆ 2, ನನ್ನವನು ಗೆದ್ದರೆ ಯಾರ ಖಾತೆಗೂ ಅಂಕವಿಲ್ಲ.